ಕೃತಕ ಬುದ್ಧಿಮತ್ತೆಯ ವಾಣಿಜ್ಯ ಸುದ್ದಿ: ನಂಬುವ ಮೊದಲು ಪರಿಶೀಲಿಸುವ ಕ್ರಮ

ಕೃತಕ ಬುದ್ಧಿಮತ್ತೆಯ (ಎಐ) ಬಗ್ಗೆ ವಾಣಿಜ್ಯ ಪುಟಗಳಲ್ಲಿ ಬರುವ ಸುದ್ದಿಗಳಲ್ಲಿ ಹಲವು ಮೂರು ಕೈ ದಾಟಿ ನಮ್ಮನ್ನು ತಲುಪಿರುತ್ತವೆ. ಮೊದಲು ಒಂದು ಕಂಪನಿ ಏನನ್ನೋ ಘೋಷಿಸುತ್ತದೆ. ಆ ಘೋಷಣೆಗೆ ಷೇರುಪೇಟೆ ಬೆಲೆ ಕಟ್ಟುತ್ತದೆ. ಬೆಲೆ ಏರಿದ್ದನ್ನೋ ಇಳಿದದ್ದನ್ನೋ ಮಾಧ್ಯಮಗಳು ವರದಿ ಮಾಡುತ್ತವೆ, ಮತ್ತು ಆ ವರದಿಯೇ ಮುಂದಿನ ಘೋಷಣೆಗೆ ಪುರಾವೆಯ ಹಾಗೆ ಬಳಕೆಯಾಗುತ್ತದೆ. ಪ್ರಕಟಣೆಯ ಕರಡು ಬರೆಯುವುದಕ್ಕೆ, ಅದನ್ನು ಕ್ಷಣಾರ್ಧದಲ್ಲಿ ಓದಿ ಷೇರು ಕೊಳ್ಳುವುದಕ್ಕೆ ಅಥವಾ ಮಾರುವುದಕ್ಕೆ, ಕೊನೆಗೆ ಅದರ ಸಾರಾಂಶ ಸಿದ್ಧಪಡಿಸುವುದಕ್ಕೆ, ಹೀಗೆ ಮೂರೂ ಹಂತಗಳಲ್ಲಿ ಈಗ ಯಂತ್ರಗಳ ಬಳಕೆ ಹೆಚ್ಚುತ್ತಿದೆ. ಉಳಿತಾಯದ ಹಣವನ್ನು ಎಲ್ಲಿ ತೊಡಗಿಸಬೇಕು, ಯಾವ ಕೆಲಸ ಕಲಿಯಬೇಕು, ತಮ್ಮ ಅಂಗಡಿಗೋ ಕಚೇರಿಗೋ ಯಾವ ತಂತ್ರಾಂಶ ಕೊಳ್ಳಬೇಕು ಎಂದು ಇಂಥ ಸುದ್ದಿಯ ಆಧಾರದ ಮೇಲೆ ನಿರ್ಧರಿಸುವವರು, ಸುದ್ದಿ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು ಅದು ಹೊರಟ ಜಾಗವನ್ನು ತಲುಪುವುದನ್ನು ರೂಢಿಸಿಕೊಳ್ಳಬೇಕು. ಇದಕ್ಕೆ ತಾಂತ್ರಿಕ ಜ್ಞಾನಕ್ಕಿಂತ ತಾಳ್ಮೆ ಹೆಚ್ಚು ಬೇಕು.

ಹೇಳಿಕೆಯನ್ನು ಬಿಡಿಸಿ ನೋಡಿ

ಮೊದಲು ಸುದ್ದಿಯ ಮುಖ್ಯ ಹೇಳಿಕೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಅದರ ಕೆಳಗೆ, ಇದನ್ನು ಹೇಳಿದವರು ಯಾರು, ಅಳೆದದ್ದು ಏನನ್ನು, ಎಷ್ಟು ಕಾಲ ಅಳೆದರು, ಅಳೆದವರು ಯಾರು ಎಂಬ ಪ್ರಶ್ನೆಗಳನ್ನು ಬರೆದು ಉತ್ತರ ಹುಡುಕಿ.

2024ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಕ್ಲಾರ್ನಾ ಎಂಬ ಪಾವತಿ ಕಂಪನಿ ಹೊರಡಿಸಿದ ಪ್ರಕಟಣೆಯನ್ನು ಹೀಗೆ ಓದಿ ನೋಡಬಹುದು. ತನ್ನ ಎಐ ಸಹಾಯಕ ಮೊದಲ ತಿಂಗಳಲ್ಲೇ 23 ಲಕ್ಷ ಸಂಭಾಷಣೆಗಳನ್ನು ನಡೆಸಿದೆ, ಗ್ರಾಹಕ ಸೇವೆಯ ಚಾಟ್‌ಗಳಲ್ಲಿ ಮೂರರಲ್ಲಿ ಎರಡು ಪಾಲನ್ನು ಅದೇ ನಿಭಾಯಿಸಿದೆ, 700 ಪೂರ್ಣಾವಧಿ ಸಿಬ್ಬಂದಿಯ ಕೆಲಸಕ್ಕೆ ಅದು ಸಮ, ಹಿಂದೆ 11 ನಿಮಿಷ ಹಿಡಿಯುತ್ತಿದ್ದ ವಿಚಾರಣೆ ಈಗ 2 ನಿಮಿಷದೊಳಗೆ ಮುಗಿಯುತ್ತಿದೆ, ಗ್ರಾಹಕರ ತೃಪ್ತಿಯೂ ಮೊದಲಿನಷ್ಟೇ ಇದೆ ಎಂದು ಕಂಪನಿ ಹೇಳಿತ್ತು. ಅಂಕಿಗಳು ಸ್ಪಷ್ಟವಾಗಿದ್ದವು, ಎಷ್ಟೋ ಕಂಪನಿಗಳು ಇಷ್ಟನ್ನೂ ಕೊಡುವುದಿಲ್ಲ. ಆದರೆ ಪ್ರಶ್ನೆಗಳನ್ನು ಇಟ್ಟು ನೋಡಿದರೆ, ಅಳೆದದ್ದು ಕಂಪನಿಯೇ, ಅಳೆದ ಅವಧಿ ಒಂದೇ ತಿಂಗಳು. ಯಂತ್ರದ ಪಾಲಿಗೆ ಬಂದ ಮೂರರಲ್ಲಿ ಎರಡು ಪಾಲಿನಲ್ಲಿ ಸುಲಭದ ವಿಚಾರಣೆಗಳು ಎಷ್ಟು, ಮನುಷ್ಯರಿಗೆ ಉಳಿದ ಒಂದು ಪಾಲಿನಲ್ಲಿ ಕಠಿಣವಾದವು ಎಷ್ಟು ಎಂಬುದು ಆ ಅಂಕಿಗಳಿಂದ ತಿಳಿಯುವಂತಿರಲಿಲ್ಲ. ಇದರಿಂದ ಲಾಭ 4 ಕೋಟಿ ಡಾಲರ್ ಹೆಚ್ಚುತ್ತದೆ ಎಂದೂ ಪ್ರಕಟಣೆಯಲ್ಲಿತ್ತು, ಅದು ಆ ವರ್ಷದ ಅಂದಾಜೇ ಹೊರತು ಕೈಗೆ ಬಂದ ಹಣವಲ್ಲ. 2025ರಲ್ಲಿ ಅದೇ ಕಂಪನಿಯ ಮುಖ್ಯಸ್ಥರು, ವೆಚ್ಚ ಕಡಿತಕ್ಕೆ ಅತಿಯಾಗಿ ಒತ್ತು ಕೊಟ್ಟದ್ದರಿಂದ ಗುಣಮಟ್ಟ ಕುಸಿಯಿತೆಂದು ಒಪ್ಪಿಕೊಂಡು, ಗ್ರಾಹಕ ಸೇವೆಗೆ ಮತ್ತೆ ಜನರನ್ನು ತೆಗೆದುಕೊಳ್ಳುವುದಾಗಿ ಹೇಳಿದರು. ಎಐ ಬಳಕೆಯನ್ನು ಅವರು ಕೈಬಿಡಲಿಲ್ಲ. ಆದರೆ ಮೊದಲ ಪ್ರಕಟಣೆಯನ್ನಷ್ಟೇ ಓದಿ, ಇನ್ನು ಗ್ರಾಹಕ ಸೇವೆಯ ಉದ್ಯೋಗಗಳೆಲ್ಲ ಮುಗಿದವು ಎಂದು ತೀರ್ಮಾನಿಸಿದವರ ಲೆಕ್ಕ ತಪ್ಪಿತ್ತು.

ತಂತ್ರಾಂಶ ಕೊಳ್ಳುವವರು ಇನ್ನೊಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಬೇಕು: ಯಂತ್ರ ತಪ್ಪು ಮಾಡಿದರೆ ಹೊಣೆ ಯಾರದು? ಏರ್ ಕೆನಡಾ ವಿಮಾನಯಾನ ಸಂಸ್ಥೆಯ ಚಾಟ್‌ಬಾಟ್ ರಿಯಾಯಿತಿ ದರದ ಬಗ್ಗೆ ಪ್ರಯಾಣಿಕರೊಬ್ಬರಿಗೆ ತಪ್ಪು ಮಾಹಿತಿ ಕೊಟ್ಟ ಪ್ರಕರಣದಲ್ಲಿ, 2024ರ ಫೆಬ್ರವರಿಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿಯು ಸಂಸ್ಥೆಯನ್ನೇ ಹೊಣೆಯಾಗಿಸಿ ಪರಿಹಾರ ಕೊಡಿಸಿತು. ಮಾರಾಟಗಾರರ ಒಪ್ಪಂದದಲ್ಲಿ ಹೊಣೆಗಾರಿಕೆಯ ಷರತ್ತು ಎಲ್ಲಿದೆ ಎಂದು ಸಹಿ ಹಾಕುವ ಮೊದಲೇ ಹುಡುಕಿ ಓದಿ.

ಹಣ ಯಾರಿಂದ ಯಾರಿಗೆ ಹೋಗುತ್ತಿದೆ

ಎರಡನೆಯ ಕೆಲಸ ಲೆಕ್ಕಪತ್ರಕ್ಕೆ ಸಂಬಂಧಿಸಿದ್ದು. ಹೆಚ್ಚಿನ ಓದುಗರು ಇಲ್ಲಿಗೆ ಬರುವುದೇ ಇಲ್ಲ, ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ತಿಳಿಯುವುದು ಇಲ್ಲಿಯೇ. ಕಂಪನಿಯ ವಾರ್ಷಿಕ ವರದಿಯನ್ನು ತೆರೆದು ಎಐ ಎಂಬ ಪದ ಎಲ್ಲೆಲ್ಲಿ ಬರುತ್ತದೆ ಎಂದು ಹುಡುಕಿ. ಅಧ್ಯಕ್ಷರ ಪತ್ರದಲ್ಲಿ ಹತ್ತಾರು ಸಲ ಕಾಣಿಸಿಕೊಳ್ಳುವ ಪದ ಆದಾಯದ ವಿವರಗಳಲ್ಲಿ ಒಮ್ಮೆಯೂ ಬಾರದಿದ್ದರೆ, ಅದರಿಂದ ಎಷ್ಟು ಹಣ ಬಂತು ಎಂಬುದನ್ನು ಕಂಪನಿ ಇನ್ನೂ ಹೇಳಿಲ್ಲ ಎಂದೇ ಅರ್ಥ. ಬಳಸದೇ ಇರುವ ಎಐಯನ್ನು ಬಳಸುತ್ತಿದ್ದೇವೆ ಎಂದು ಹೇಳಿಕೊಂಡ ಪ್ರಸಂಗಗಳೂ ಉಂಟು. 2024ರ ಮಾರ್ಚ್‌ನಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗವು ಡೆಲ್ಫಿಯಾ ಮತ್ತು ಗ್ಲೋಬಲ್ ಪ್ರೆಡಿಕ್ಷನ್ಸ್ ಎಂಬ ಎರಡು ಹೂಡಿಕೆ ಸಲಹಾ ಸಂಸ್ಥೆಗಳ ಮೇಲೆ ಇಂಥದೇ ಸುಳ್ಳು ಹೇಳಿಕೆಗಳ ಆರೋಪ ಹೊರಿಸಿತು. ಅವೆರಡೂ ಒಟ್ಟು 4 ಲಕ್ಷ ಡಾಲರ್ ದಂಡ ಕಟ್ಟಿ ಪ್ರಕರಣ ಮುಗಿಸಿಕೊಂಡವು.

ಅನಂತರ ಖರ್ಚಿನ ಕಡೆ ನೋಡಿ. ಎಐ ನಡೆಸುವ ಸರ್ವರ್‌ಗಳು ದುಬಾರಿ, ಮತ್ತು ಅವುಗಳ ಬೆಲೆಯನ್ನು ಒಂದೇ ವರ್ಷದ ಖರ್ಚಾಗಿ ತೋರಿಸದೆ ಅವು ಬಾಳುವ ವರ್ಷಗಳಿಗೆ ಹಂಚಿ ಸವಕಳಿಯಾಗಿ ಬರೆಯಲಾಗುತ್ತದೆ. 600 ಕೋಟಿ ಬೆಲೆಯ ಸರ್ವರ್‌ಗಳು ಆರು ವರ್ಷ ಬಾಳುತ್ತವೆ ಎಂದುಕೊಂಡರೆ ವರ್ಷದ ಸವಕಳಿ 100 ಕೋಟಿ. ಐದೇ ವರ್ಷ ಎಂದುಕೊಂಡರೆ 120 ಕೋಟಿ. ಯಂತ್ರಗಳು ಅವೇ, ವ್ಯಾಪಾರವೂ ಅದೇ, ಆದರೂ ಲಾಭದಲ್ಲಿ 20 ಕೋಟಿ ವ್ಯತ್ಯಾಸ. 2025ರ ಆರಂಭದಿಂದ ಅಮೆಜಾನ್ ತನ್ನ ಕೆಲವು ಸರ್ವರ್‌ಗಳ ಆಯಸ್ಸನ್ನು, ಎಐ ಕ್ಷೇತ್ರದ ವೇಗವನ್ನೇ ಕಾರಣವಾಗಿ ಹೇಳಿ, ಆರರಿಂದ ಐದು ವರ್ಷಕ್ಕೆ ಇಳಿಸಿತು; ಅದೇ ಸಮಯದಲ್ಲಿ ಫೇಸ್‌ಬುಕ್‌ನ ಒಡೆತನದ ಕಂಪನಿ ಮೆಟಾ ತನ್ನ ಬಹುತೇಕ ಸರ್ವರ್‌ಗಳ ಆಯಸ್ಸನ್ನು ಐದೂವರೆ ವರ್ಷಕ್ಕೆ ಏರಿಸಿತು. ಎರಡೂ ನಿಯಮದೊಳಗಿನ ಅಂದಾಜುಗಳೇ. ಆದರೆ ಇಂಥ ಎರಡು ಕಂಪನಿಗಳ ಲಾಭವನ್ನು ಹೋಲಿಸುವವರು ವರದಿಯ ಟಿಪ್ಪಣಿಗಳಲ್ಲಿ ಸವಕಳಿಯ ಸಾಲನ್ನು ಹುಡುಕದೆ ಮುಂದೆ ಹೋಗಬಾರದು.

ಮಾರುವವರೇ ಕೊಳ್ಳುವವರಿಗೆ ಹಣ ಕೊಡುತ್ತಿದ್ದಾರೆಯೇ ಎಂಬುದನ್ನೂ ಗಮನಿಸಿ. ಚಾಟ್‌ಜಿಪಿಟಿ ರೂಪಿಸಿದ ಓಪನ್‌ಎಐಯಲ್ಲಿ ಮೈಕ್ರೋಸಾಫ್ಟ್ ಹೂಡಿಕೆ ಮಾಡಿದೆ, ಓಪನ್‌ಎಐ ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಗೆ ಹಣ ಕಟ್ಟುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಎನ್‌ವಿಡಿಯಾ, ತನ್ನ ಚಿಪ್‌ಗಳನ್ನೇ ಬಳಸುವ ಓಪನ್‌ಎಐಯಲ್ಲಿ 10 ಸಾವಿರ ಕೋಟಿ ಡಾಲರ್‌ವರೆಗೆ ಹೂಡುವ ಉದ್ದೇಶವನ್ನು ಪ್ರಕಟಿಸಿತು. ಇಂಥ ಏರ್ಪಾಡಿನಲ್ಲಿ ತಪ್ಪೇ ಇದೆ ಎಂದೇನಲ್ಲ. ಆದರೂ ಹೊರಗಿನ ಗ್ರಾಹಕರಿಂದ ಬಂದ ಬೇಡಿಕೆ ಎಷ್ಟು, ಒಳಗೊಳಗೇ ಸುತ್ತುವ ಹಣ ಎಷ್ಟು ಎಂದು ಬೇರ್ಪಡಿಸದೆ ಬೇಡಿಕೆಯ ಅಂಕಿಗಳನ್ನು ನಂಬುವುದು ಕಷ್ಟ.

ಷೇರಿನ ಬೆಲೆಯನ್ನೇ ತೀರ್ಪೆಂದು ತಿಳಿಯದಿರಿ

2025ರ ಜನವರಿ 27ರಂದು ಎನ್‌ವಿಡಿಯಾ ಷೇರು ಶೇ 17ರಷ್ಟು ಕುಸಿದು, ಒಂದೇ ದಿನದಲ್ಲಿ ಸುಮಾರು 59 ಸಾವಿರ ಕೋಟಿ ಡಾಲರ್ ಮಾರುಕಟ್ಟೆ ಮೌಲ್ಯ ಕರಗಿತು. ಚೀನಾದ ಡೀಪ್‌ಸೀಕ್ ಕಂಪನಿ ಬಹಳ ಕಡಿಮೆ ಖರ್ಚಿನಲ್ಲಿ ಸಮರ್ಥ ಎಐ ಮಾದರಿಯನ್ನು ರೂಪಿಸಿದೆ, ಇನ್ನು ದುಬಾರಿ ಚಿಪ್‌ಗಳು ಅಷ್ಟು ಬೇಕಾಗಲಾರವು ಎಂಬ ಆತಂಕ ಇದಕ್ಕೆ ಕಾರಣ. ಆ ಖರ್ಚಿನದೆಂದು ಎಲ್ಲೆಡೆ ಹರಿದಾಡಿದ ಅಂಕಿ ಸುಮಾರು 56 ಲಕ್ಷ ಡಾಲರ್. ಈ ಅಂಕಿ ಹೊರಟ ಜಾಗಕ್ಕೆ ಹೋಗಿ ನೋಡಿದರೆ ಎರಡು ಸಂಗತಿ ಕಾಣುತ್ತವೆ. ಒಂದು, ಅದು ಇದ್ದದ್ದು ಈ ಆತಂಕ ಹುಟ್ಟಿಸಿದ ಮಾದರಿಗಿಂತ ಹಿಂದಿನ, ಅದೇ ಕಂಪನಿಯ ವಿ3 ಎಂಬ ಮಾದರಿಯ ತಾಂತ್ರಿಕ ವರದಿಯಲ್ಲಿ. ಆ ವರದಿ 2024ರ ಡಿಸೆಂಬರ್‌ನಲ್ಲೇ ಪ್ರಕಟವಾಗಿತ್ತು, ಯಾರು ಬೇಕಾದರೂ ಓದಬಹುದಿತ್ತು. ಎರಡು, ಆ ಮೊತ್ತ ಕೊನೆಯ ತರಬೇತಿಯದು ಮಾತ್ರ, ಅದಕ್ಕೆ ಮೊದಲು ನಡೆದ ಸಂಶೋಧನೆ ಮತ್ತು ಪ್ರಯೋಗಗಳ ವೆಚ್ಚ ಇದರಲ್ಲಿ ಸೇರಿಲ್ಲ ಎಂದು ಬರೆದವರೇ ಅದೇ ವರದಿಯಲ್ಲಿ ತಿಳಿಸಿದ್ದರು. ಮೂಲದಲ್ಲಿದ್ದ ಈ ಒಂದು ಸಾಲು ಹಲವು ಸುದ್ದಿಗಳಲ್ಲಿ ಉದುರಿಹೋಗಿತ್ತು. ಮರುದಿನ ಎನ್‌ವಿಡಿಯಾ ಷೇರು ಸುಮಾರು ಶೇ 9ರಷ್ಟು ಚೇತರಿಸಿಕೊಂಡಿತು.

ಆದ್ದರಿಂದ ಬೆಲೆ ದಿಢೀರನೆ ಏರಿದ ಅಥವಾ ಇಳಿದ ದಿನ ಷೇರು ಕೊಳ್ಳುವ, ಮಾರುವ ನಿರ್ಧಾರ ಬೇಡ. ಗಣಕಗಳು ಪರಸ್ಪರರ ಮಾರಾಟ ಆದೇಶಗಳಿಗೆ ಪ್ರತಿಕ್ರಿಯಿಸುತ್ತ ಬೆಲೆಯನ್ನು ಎತ್ತಿ ಇಳಿಸುವ ವೇಗದಲ್ಲಿ ಮನುಷ್ಯರು ಸ್ಪರ್ಧಿಸಲಾಗದು. ಮೂಲ ದಾಖಲೆ ಓದಲು ಬೇಕಾದ ಒಂದೆರಡು ದಿನ ತೆಗೆದುಕೊಂಡರೆ ಸಾಮಾನ್ಯ ಹೂಡಿಕೆದಾರ ಕಳೆದುಕೊಳ್ಳುವುದು ಅಲ್ಪ.

ವರದಿ ಬರೆದವರು ಯಾರು

ಸುದ್ದಿಮನೆಯಲ್ಲಿ ಯಂತ್ರದ ಬಳಕೆ ಹೊಸದಲ್ಲ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2014ರಿಂದಲೇ ಕಂಪನಿಗಳ ತ್ರೈಮಾಸಿಕ ಫಲಿತಾಂಶದ ವರದಿಗಳನ್ನು ತಂತ್ರಾಂಶದಿಂದ ಬರೆಸುತ್ತಿದೆ. ನಿಗದಿತ ಅಂಕಿಗಳನ್ನು ನಿಗದಿತ ವಾಕ್ಯಗಳಲ್ಲಿ ಕೂರಿಸುವ ಆ ವಿಧಾನದಲ್ಲಿ ಅಂಕಿ ಸರಿಯಿದ್ದರೆ ವಾಕ್ಯವೂ ಬಹುಮಟ್ಟಿಗೆ ಸರಿಯಿರುತ್ತದೆ. ಈಗಿನ ಭಾಷಾ ಮಾದರಿಗಳು ಮುಂದಿನ ಪದವನ್ನು ಊಹಿಸಿ ಬರೆಯುವುದರಿಂದ, ನಯವಾದ ವಾಕ್ಯದೊಳಗೇ ತಪ್ಪು ಅಡಗಿರಬಹುದು. ಸಿನೆಟ್ ಜಾಲತಾಣ ಹೀಗೆ ಬರೆಸಿದ ಲೇಖನವೊಂದು, 10,000 ಡಾಲರ್‌ಗಳನ್ನು ಶೇ 3ರ ಬಡ್ಡಿಗೆ ಇಟ್ಟರೆ ವರ್ಷದ ಕೊನೆಗೆ 10,300 ಡಾಲರ್ ಗಳಿಸುತ್ತೀರಿ ಎಂದಿತ್ತು. ಗಳಿಕೆ 300 ಡಾಲರ್ ಮಾತ್ರ, ಉಳಿದದ್ದು ಇಟ್ಟ ಅಸಲು. 2023ರ ಜನವರಿಯಲ್ಲಿ ಆ ಸಂಸ್ಥೆ ಮರುಪರಿಶೀಲನೆ ನಡೆಸಿ 77 ಲೇಖನಗಳಲ್ಲಿ 41ಕ್ಕೆ ತಿದ್ದುಪಡಿ ಹಾಕಬೇಕಾಯಿತು. ಹಣದ ಬಗೆಗಿನ ಲೇಖನ ಓದುವಾಗ ಅದರಲ್ಲಿರುವ ಒಂದು ಲೆಕ್ಕವನ್ನಾದರೂ ನೀವೇ ಮಾಡಿ ನೋಡಿ. ಒಂದು ಲೆಕ್ಕ ತಪ್ಪಿದರೆ ಉಳಿದವನ್ನೂ ಅನುಮಾನದಿಂದಲೇ ಓದಬೇಕು.

ಚಿತ್ರ ಮತ್ತು ವಿಡಿಯೊಗಳ ವಿಷಯದಲ್ಲಿ ಕಣ್ಣನ್ನು ನಂಬಿಕೊಳ್ಳುವುದಕ್ಕಿಂತ ಸ್ಥಳದಲ್ಲಿರುವ ಬೇರೆ ಸಾಕ್ಷಿಗಳನ್ನು ಹುಡುಕುವುದು ಒಳ್ಳೆಯದು. 2023ರ ಮೇ 22ರಂದು ಅಮೆರಿಕದ ರಕ್ಷಣಾ ಇಲಾಖೆಯ ಕೇಂದ್ರ ಕಚೇರಿ ಪೆಂಟಗನ್ ಬಳಿ ಸ್ಫೋಟವಾಗಿದೆ ಎಂಬ ನಕಲಿ ಚಿತ್ರ ಹರಡಿದಾಗ ಅಲ್ಲಿನ ಷೇರು ಸೂಚ್ಯಂಕ ಸ್ವಲ್ಪ ಹೊತ್ತು ಇಳಿದು, ಸ್ಥಳೀಯ ಅಗ್ನಿಶಾಮಕ ಇಲಾಖೆ ಅಂಥದ್ದೇನೂ ನಡೆದಿಲ್ಲ ಎಂದು ತಿಳಿಸಿದ ಮೇಲೆ ಮೇಲಕ್ಕೆ ಬಂತು. ಅಷ್ಟು ಜನನಿಬಿಡ ಜಾಗದಲ್ಲಿ ನಿಜವಾಗಿ ಸ್ಫೋಟವಾಗಿದ್ದರೆ ನಿಮಿಷಗಳಲ್ಲೇ ಬೇರೆ ಬೇರೆ ಕೋನಗಳಿಂದ ತೆಗೆದ ಹತ್ತಾರು ಚಿತ್ರಗಳು ಬರಬೇಕಿತ್ತು. ಒಂದೇ ಚಿತ್ರ, ಒಂದೇ ಕೋನ, ಹೆಸರು ಹೇಳುವ ಒಬ್ಬ ಪ್ರತ್ಯಕ್ಷದರ್ಶಿಯೂ ಇಲ್ಲ ಎಂದಾದರೆ ಅದನ್ನು ಮುಂದಕ್ಕೆ ಕಳುಹಿಸಬೇಡಿ.

ಚಾಟ್‌ಬಾಟ್ ನೆರವು ಪಡೆಯುವಾಗ

ಈ ಪರಿಶೀಲನೆಗೆ ಎಐಯನ್ನೇ ಬಳಸಿಕೊಳ್ಳಬಾರದೆಂದೇನೂ ಇಲ್ಲ. ನೂರಾರು ಪುಟಗಳ ವಾರ್ಷಿಕ ವರದಿಯಲ್ಲಿ ಬೇಕಾದ ಭಾಗವನ್ನು ಹುಡುಕಲು ಅದು ನಿಜಕ್ಕೂ ಅನುಕೂಲ. ಆದರೆ ಕಂಪನಿಯ ಹೆಸರು ಹೇಳಿ ಇದರ ಷೇರು ಕೊಳ್ಳಬಹುದೇ ಎಂದು ಕೇಳಬೇಡಿ. ವರದಿಯ ಕಡತವನ್ನೇ ಕೊಟ್ಟು, ಸರ್ವರ್‌ಗಳ ಆಯಸ್ಸನ್ನು ಎಷ್ಟು ವರ್ಷ ಎಂದು ಲೆಕ್ಕ ಹಾಕಿದ್ದಾರೆ, ಆ ವಾಕ್ಯವನ್ನು ಇದ್ದಂತೆಯೇ ಕೊಟ್ಟು ಪುಟದ ಸಂಖ್ಯೆ ತಿಳಿಸು ಎಂಬಂಥ ಕಿರಿದಾದ ಪ್ರಶ್ನೆ ಹಾಕಿ. ಉತ್ತರ ಬಂದ ಮೇಲೆ ಆ ಪುಟ ತೆರೆದು ವಾಕ್ಯ ಅಲ್ಲಿದೆಯೇ ಎಂದು ನೋಡಿ. ಅಲ್ಲಿಲ್ಲದಿದ್ದರೆ ಆ ಉತ್ತರವನ್ನು ಪೂರ್ತಿಯಾಗಿ ಬಿಟ್ಟು, ಟಿಪ್ಪಣಿಗಳ ಭಾಗವನ್ನು ನೀವೇ ಓದಿ.