ಹಗ್ಗದಲ್ಲಿ ನೇತಾಡುವುದಕ್ಕೆ ಯಾರೂ ಸಂಬಳ ಕೊಡಲ್ಲ

ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಮೊದಲು ಮೊಬೈಲಲ್ಲಿ ಒಂದು ಫೋಟೊ ತೋರಿಸುತ್ತೇನೆ. ಬರೀ ಬಾಯಲ್ಲಿ ಹೇಳಿದರೆ ಅರ್ಧ ಜನ ನಂಬುವುದಿಲ್ಲ. ಚಿಮಣಿ, ದೊಡ್ಡ ಟ್ಯಾಂಕು, ಸೇತುವೆಯ ಅಡಿಭಾಗ, ಹೀಗೆ ಏಣಿ ಎಟುಕದ ಕಡೆ ಹಗ್ಗದಲ್ಲಿ ಇಳಿದು ಉಕ್ಕು ಎಷ್ಟು ಸವೆದಿದೆ ಅಂತ ಅಳೆಯುತ್ತೇನೆ. ಹೀಗೆ ಹಗ್ಗದ ಮೇಲೆ ಹೋಗಿ ಕೆಲಸ ಮಾಡುವುದಕ್ಕೆ ರೋಪ್ ಆಕ್ಸೆಸ್ ಅನ್ನುತ್ತಾರೆ.

ಮೊದಲು ನಾನೂ ಮೇಜಿನ ಮುಂದೆ ಕೂತವನೇ. ಬೇರೆಯವರು ಅಳೆದು ಕಳಿಸಿದ ಅಂಕಿಗಳನ್ನು ಎಕ್ಸೆಲ್‌ನಲ್ಲಿ ತುಂಬಿ ರಿಪೋರ್ಟ್ ಮಾಡುತ್ತಿದ್ದೆ. ಒಂದು ದಿನ ಅವರ ಬಿಲ್ ಕಣ್ಣಿಗೆ ಬಿತ್ತು. ಅಳೆದವನ ಒಂದು ದಿನದ ಕೂಲಿ ನನ್ನ ಒಂದು ವಾರದ ಸಂಬಳಕ್ಕಿಂತ ಜಾಸ್ತಿ! ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ.

ಆಮೇಲೆ ಮಾಡಿದ್ದು ಅವಸರದ ಕೆಲಸ. ಉಳಿಸಿದ ದುಡ್ಡು ಸುರಿದು, ಈ ಹಗ್ಗದ ಕೆಲಸಕ್ಕೆ ಸರ್ಟಿಫಿಕೇಟ್ ಕೊಡುವ ಇರಾಟಾ (IRATA) ಸಂಸ್ಥೆಯ ಲೆವೆಲ್ 1, ಅಂದರೆ ಮೊದಲ ಹಂತದ ಕೋರ್ಸಿಗೆ ಸೇರಿದೆ. ನಾಲ್ಕು ದಿನ ತರಬೇತಿ, ಐದನೇ ದಿನ ಪರೀಕ್ಷೆ. ಪರೀಕ್ಷೆ ಮಾಡುವವರು ಕಲಿಸಿದ ಕಂಪನಿಯವರಲ್ಲ, ಹೊರಗಿನಿಂದ ಬರುತ್ತಾರೆ, ಹಾಗಾಗಿ ಮುಖ ನೋಡಿ ಪಾಸು ಮಾಡುವ ಮಾತೇ ಇಲ್ಲ. ಯಾವಾಗಲೂ ಎರಡು ಹಗ್ಗ ಇರಬೇಕು, ಒಂದು ಕೆಲಸಕ್ಕೆ, ಇನ್ನೊಂದು ಅದು ಕೈಕೊಟ್ಟರೆ ಹಿಡಿದುಕೊಳ್ಳುವುದಕ್ಕೆ. ನನಗೆ ಎತ್ತರದ ಭಯ ಇತ್ತು, ಈಗಲೂ ಇದೆ. ಆ ಭಯ ಇರುವವರೇ ಕೊಕ್ಕೆಯ ಲಾಕ್ ಹಾಕಿದ್ದೀನಾ ಅಂತ ಎರಡು ಸಲ ನೋಡುತ್ತಾರೆ.

ಪಾಸಾದೆ. ಕೆಲಸವೂ ಸಿಕ್ಕಿತು, ಗಾಜು ಒರೆಸುವುದು, ಬಣ್ಣ ಬಳಿಯುವುದು. ಆದರೆ ಆ ಬಿಲ್ಲಿನಲ್ಲಿ ಕಂಡ ದುಡ್ಡು ಮಾತ್ರ ಕಾಣಲಿಲ್ಲ. ನಮ್ಮ ಸೂಪರ್‌ವೈಸರಣ್ಣನ ಹತ್ತಿರ ಗೊಣಗಿದೆ. ಅವರು ನಕ್ಕು, "ಹಗ್ಗ ಅಂದ್ರೆ ಬಸ್ಸು ಕಣಪ್ಪಾ. ಬಸ್ಸಲ್ಲಿ ಬಂದಿದ್ದಕ್ಕೆ ಯಾರಾದ್ರೂ ಸಂಬಳ ಕೊಡ್ತಾರಾ? ಇಳಿದ ಮೇಲೆ ಏನ್ ಮಾಡ್ತೀಯ, ಅದಕ್ಕೆ ಕೊಡೋದು" ಅಂದರು. ಇದನ್ನು ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಲ್ವಾ?

ಆಗ ಹೋಗಿ ಅಲ್ಟ್ರಾಸಾನಿಕ್ ಪರೀಕ್ಷೆ ಕಲಿತೆ. ನೆಲದ ಮೇಲೆ ಇದು ಸುಲಭ. ಬಣ್ಣ ಕೆರೆದು, ಜೆಲ್ ಹಚ್ಚಿ, ಪ್ರೋಬ್ ಒತ್ತಿದರೆ ಶಬ್ದದ ಅಲೆ ಉಕ್ಕಿನೊಳಗೆ ಸೆಕೆಂಡಿಗೆ ಸುಮಾರು 5,900 ಮೀಟರ್ ವೇಗದಲ್ಲಿ ಓಡಿ, ಆ ಕಡೆಯ ಮೈಗೆ ಬಡಿದು ವಾಪಸ್ ಬರುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ದಪ್ಪ ಗೊತ್ತಾಗುತ್ತದೆ. ಹಗ್ಗದಲ್ಲಿ ನೇತಾಡುವಾಗ ಮಾತ್ರ ಪ್ರೋಬನ್ನು ಗೋಡೆಗೆ ಒತ್ತಿದ ಕೂಡಲೇ ನಾವೇ ಹಿಂದಕ್ಕೆ ತೇಲಿ ಹೋಗುತ್ತೇವೆ, ಕಾಲಿಗೆ ನೆಲ ಇಲ್ಲವಲ್ಲ! ಮೊದಲ ದಿನ ಪೆಂಡುಲಮ್ ಥರ ಆಡಿದ್ದೇ ಆಡಿದ್ದು, ಅರ್ಧ ದಿನಕ್ಕೆ ಹತ್ತು ರೀಡಿಂಗ್ ಕೂಡ ಆಗಲಿಲ್ಲ. ಆಮೇಲೆ ಹತ್ತಿರದ ಪೈಪಿಗೆ ಒಂದು ಪಟ್ಟಿ ಸುತ್ತಿ ಸೊಂಟವನ್ನು ಎಳೆದು ಕಟ್ಟಿಕೊಳ್ಳುವುದು, ಮೊಣಕಾಲು ಗೋಡೆಗೆ ಆನಿಸಿ ಉಸಿರು ಹಿಡಿದು ಒತ್ತುವುದು ರೂಢಿಯಾಯಿತು. ಈ ಎರಡನೇ ಸರ್ಟಿಫಿಕೇಟ್ ಬಂದ ಮೇಲೆ ನನ್ನ ದಿನಗೂಲಿ ದುಪ್ಪಟ್ಟಾಯಿತು. ಕೊಡುವವರಿಗೂ ನಷ್ಟ ಇಲ್ಲ, ಯಾಕೆಂದರೆ ಅಷ್ಟು ಎತ್ತರಕ್ಕೆ ಅಟ್ಟಣಿಗೆ ಕಟ್ಟಿ ಬಿಚ್ಚುವುದಕ್ಕೇ ವಾರಗಟ್ಟಲೆ ಹಿಡಿಯುತ್ತದೆ, ನಾವು ಮೂರು ಜನ ಎರಡು ದಿನದಲ್ಲಿ ಮುಗಿಸಿ ಹೊರಡುತ್ತೇವೆ.

ಒಂದು ಸಲ ಮಾರ್ಕರ್ ಪೆನ್ನನ್ನು ದಾರಕ್ಕೆ ಕಟ್ಟುವುದು ಮರೆತು ಕೈಬಿಟ್ಟೆ. ಕೆಳಗೆ ಬೇಲಿ ಕಟ್ಟಿದ್ದರು, ಯಾರೂ ಇರಲಿಲ್ಲ. ಬರೀ ಪೆನ್ನು, ಆದರೂ ಸೂಪರ್‌ವೈಸರಣ್ಣ ನನ್ನನ್ನು ಇಳಿಸಿ, ಇಡೀ ಮಧ್ಯಾಹ್ನ ಸುಮ್ನೆ ಕೂರಿಸಿದರು. ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಮೇಲಿನ ಲೆವೆಲ್‌ಗೆ ಅಡ್ಡದಾರಿ ಇಲ್ಲ. ಒಂದೊಂದು ಹಂತಕ್ಕೂ ಕನಿಷ್ಠ ಒಂದು ವರ್ಷ ಮತ್ತು 1,000 ಗಂಟೆ ಹಗ್ಗದ ಕೆಲಸ ಲಾಗ್‌ಬುಕ್‌ನಲ್ಲಿ ಇರಬೇಕು. ದಿನದ ಕೊನೆಗೆ ಸಹಿ ಹಾಕಿಸಿಕೊಳ್ಳಿ. ನಾನು "ಆಮೇಲೆ ಹಾಕಿಸಿದರಾಯಿತು" ಅಂತ ಬಿಟ್ಟು ಸುಮಾರು ಎರಡು ತಿಂಗಳ ಗಂಟೆ ಕಳೆದುಕೊಂಡೆ. ಸಹಿ ಹಾಕಬೇಕಾದವರು ಬೇರೆ ದೇಶಕ್ಕೆ ಹೋಗಿಬಿಟ್ಟಿದ್ದರು, ಫೋನಿಗೂ ಸಿಗಲಿಲ್ಲ.

ದುಡ್ಡಿನ ವಿಷಯ ಬಿಡಿಸಿ ಹೇಳುತ್ತೇನೆ. ದಿನದ ಲೆಕ್ಕದಲ್ಲಿ ನೋಡಿದರೆ ಬಾಯಲ್ಲಿ ನೀರೂರುತ್ತದೆ, ಆದರೆ ವರ್ಷಕ್ಕೆ 365 ದಿನವೂ ಕೆಲಸ ಇರುವುದಿಲ್ಲ. ನಾನು ನನ್ನ ವರ್ಷವನ್ನು 150 ದಿನ ಅಂತಲೇ ಲೆಕ್ಕ ಹಾಕುತ್ತೇನೆ. ಗಾಳಿ ಜಾಸ್ತಿಯಾದರೆ, ಗುಡುಗು ಬಂದರೆ ಹಗ್ಗಕ್ಕೆ ಇಳಿಯುವಂತಿಲ್ಲ. ಹಾಗೆ ಸೈಟಿನಲ್ಲಿ ಕಾದು ಕೂತ ದಿನಕ್ಕೆ ಎಷ್ಟು ಅಂತ ಮೊದಲೇ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಒಬ್ಬರು ನನ್ನನ್ನು ಒಂಬತ್ತು ದಿನ ಹೀಗೆ ಕೂರಿಸಿ ಒಂದು ಪೈಸೆ ಕೊಡಲಿಲ್ಲ, ಕಾಗದದಲ್ಲಿ ಇರಲಿಲ್ಲ, ಏನು ಜಗಳ ಆಡೋದು? ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಎತ್ತರದ ಕೆಲಸ ಅಂತ ಮುಚ್ಚುಮರೆಯಿಲ್ಲದೆ ಬರೆಸಿ, ಪ್ರೀಮಿಯಂ ಜಾಸ್ತಿಯಾದರೂ ಪರವಾಗಿಲ್ಲ.

ಇನ್ನೊಂದು, ಇಲ್ಲಿ ಒಬ್ಬರೇ ಯಾವತ್ತೂ ಇಳಿಯುವುದಿಲ್ಲ. ಪ್ರಜ್ಞೆ ತಪ್ಪಿ ಬೆಲ್ಟಿನಲ್ಲಿ ಅಲುಗಾಡದೆ ನೇತಾಡಿದರೆ ರಕ್ತ ಕಾಲಲ್ಲೇ ನಿಂತು ಜೀವಕ್ಕೇ ಅಪಾಯ, ಆದ್ದರಿಂದ ಹಗ್ಗ ಕಟ್ಟುವ ಮುಂಚೆಯೇ ಇಳಿಸುವವರು ಯಾರು, ಹೇಗೆ ಅಂತ ತೀರ್ಮಾನ ಆಗಿರಬೇಕು. "ಬೇಗ ಮುಗಿಸಿ, ಒಬ್ಬರೇ ಸಾಕು" ಅನ್ನುವ ಸೈಟಿನಿಂದ ನಾನು ಎರಡು ಸಲ ವಾಪಸ್ ಬಂದಿದ್ದೇನೆ, ಕೈಯಲ್ಲಿ ಬೇರೆ ಕೆಲಸ ಇಲ್ಲದಾಗಲೂ.

ಹಗ್ಗದ ಸರ್ಟಿಫಿಕೇಟಿಗೆ ಮೂರೇ ವರ್ಷ ಆಯಸ್ಸು. ನನ್ನ ಲೆವೆಲ್ 2 ಮುಂದಿನ ತಿಂಗಳು ಮುಗಿಯುತ್ತದೆ, ಮತ್ತೆ ಪರೀಕ್ಷೆ. ಮೊಣಕಾಲು ಈಗೀಗ ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತದೆ, ಅದಕ್ಕೇ ಈ ಸಲ ಲೆವೆಲ್ 3ಕ್ಕೆ, ಅಂದರೆ ಸೂಪರ್‌ವೈಸರ್ ಹಂತಕ್ಕೆ, ಕೂರುತ್ತಿದ್ದೇನೆ. ಪಾಸಾದರೆ ಪೆನ್ನು ಬೀಳಿಸಿದವರನ್ನು ಇಳಿಸಿ ಕೂರಿಸುವ ಸರದಿ ನನ್ನದು.