ಲೈಂಗಿಕ ದೌರ್ಜನ್ಯದ ಅಧ್ಯಯನಗಳನ್ನು ಓದುವ ಮತ್ತು ಮಾಡುವ ಬಗೆ

ಸಮಾಜಕಾರ್ಯ, ಮನಶ್ಶಾಸ್ತ್ರ ಅಥವಾ ಮಹಿಳಾ ಅಧ್ಯಯನದ ವಿದ್ಯಾರ್ಥಿಗಳು ಕಿರುಪ್ರಬಂಧಕ್ಕೆ ಲೈಂಗಿಕ ದೌರ್ಜನ್ಯದ ವಿಷಯವನ್ನು ಆರಿಸಿಕೊಂಡಾಗ ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಶೇಕಡಾವಾರು ಅಂಕಿಗಳನ್ನು ಕಲೆಹಾಕುವುದು. ಆ ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ಎರಡೇ ದಿನಗಳಲ್ಲಿ ಗೊತ್ತಾಗುತ್ತದೆ. ಆಗ ತಮಗೆ ಒಪ್ಪುವಂಥದ್ದನ್ನು ಇಟ್ಟುಕೊಂಡು ಉಳಿದವನ್ನು ಬಿಡುತ್ತಾರೆ. ಇದಕ್ಕೆ ಬದಲಾಗಿ, ಯಾವುದೇ ಅಧ್ಯಯನವನ್ನು ಕೈಗೆತ್ತಿಕೊಂಡಾಗ ಫಲಿತಾಂಶದ ಭಾಗಕ್ಕೆ ಹೋಗುವ ಮುನ್ನ ಅದರ ಪ್ರಶ್ನಾವಳಿಯನ್ನು ಹುಡುಕಿ ಓದಬೇಕು. ಏನು ಕೇಳಿದರು, ಯಾರನ್ನು ಕೇಳಿದರು, ಕೇಳುವಾಗ ಪಕ್ಕದಲ್ಲಿ ಯಾರಿದ್ದರು ಎಂಬ ಮೂರು ಸಂಗತಿಗಳು ತಿಳಿಯದೆ ಅಂಕಿಗೆ ಅರ್ಥವಿಲ್ಲ.

ಪ್ರಶ್ನೆಯ ಮಾತು ಎಷ್ಟು ದೊಡ್ಡದು ಎಂಬುದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕಾಸ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಸಮೀಕ್ಷೆಯನ್ನು ನೋಡಬಹುದು. 32 ಶಿಕ್ಷಣ ಸಂಸ್ಥೆಗಳ 6,159 ವಿದ್ಯಾರ್ಥಿಗಳನ್ನು ಕೇಳಿದ ಈ ಅಧ್ಯಯನದಲ್ಲಿ ‘ನಿಮ್ಮ ಮೇಲೆ ಅತ್ಯಾಚಾರವಾಗಿದೆಯೇ’ ಎಂಬ ಒಂದೇ ಪ್ರಶ್ನೆಯನ್ನು ನೆಚ್ಚಿಕೊಳ್ಳದೆ, ಬೇಡವೆಂದಾಗ ಬಲಪ್ರಯೋಗ ಮಾಡಿ ಅಥವಾ ಹೆದರಿಸಿ ನಡೆಸಿದ ಒಂದೊಂದು ಕೃತ್ಯವನ್ನೂ ಬಿಡಿಬಿಡಿಯಾಗಿ ವಿವರಿಸಿ ಕೇಳಲಾಯಿತು. ತಮ್ಮ 14ನೇ ವಯಸ್ಸಿನ ನಂತರ ಅತ್ಯಾಚಾರಕ್ಕೆ ಅಥವಾ ಅದರ ಯತ್ನಕ್ಕೆ ಕಾನೂನು ಕೊಡುವ ವ್ಯಾಖ್ಯೆಗೆ ಸರಿಹೊಂದುವ ಅನುಭವವನ್ನು ಶೇ 27.5ರಷ್ಟು ವಿದ್ಯಾರ್ಥಿನಿಯರು ಹೇಳಿಕೊಂಡರು. ಆದರೆ ಅತ್ಯಾಚಾರದ ವ್ಯಾಖ್ಯೆಗೆ ಸೇರುವ ಅನುಭವವಿದ್ದವರಲ್ಲೂ ನಾಲ್ವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮಂದಿ ಮಾತ್ರ ಅದನ್ನು ಅತ್ಯಾಚಾರವೆಂದು ಕರೆದರು. ಒಂದೇ ಪದವನ್ನು ಇಟ್ಟುಕೊಂಡು ಕೇಳಿದ್ದರೆ ಉಳಿದವರೆಲ್ಲ ‘ಇಲ್ಲ’ ಎಂಬ ಕಾಲಂಗೆ ಹೋಗುತ್ತಿದ್ದರು.

ಇಂಥ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವವರು ಇನ್ನೂ ಒಂದು ಪಟ್ಟು ಎಚ್ಚರದಿಂದಿರಬೇಕು. ನಾನು ಓದಿದ ಒಂದು ಕರಡು ಪ್ರಶ್ನಾವಳಿಯಲ್ಲಿ ‘ನಿಮ್ಮ ಗಂಡ ಎಂದಾದರೂ ಒತ್ತಾಯ ಮಾಡಿದ್ದಾರೆಯೇ’ ಎಂದಿತ್ತು. ನಮ್ಮಲ್ಲಿ ಒತ್ತಾಯವೆಂದರೆ ಹಬ್ಬದೂಟದಲ್ಲಿ ಇನ್ನೊಂದು ಹೋಳಿಗೆ ಹಾಕುವಾಗಲೂ ಮಾಡುವಂಥದ್ದು; ‘ಬಲವಂತ’ ಎಂದು ತಿದ್ದಿದರೂ ಎಲೆಯ ಮುಂದಿನಿಂದ ಬಹಳ ದೂರವೇನೂ ಹೋದಂತಾಗುವುದಿಲ್ಲ. ಇತ್ತ ‘ಕೆಡಿಸಿದರು’, ‘ಮಾನ ಹೋಯಿತು’ ಎಂಬ ಮಾತುಗಳು ಹಾಳಾದವಳು ಹೆಣ್ಣೇ ಎಂದು ಮೊದಲೇ ತೀರ್ಪು ಕೊಟ್ಟುಬಿಡುತ್ತವೆ, ‘ದೌರ್ಜನ್ಯ’ ಎಂಬುದು ಪತ್ರಿಕೆಯ ಪದವಾಗಿ ಉಳಿಯುತ್ತದೆ. ಹಲವು ಹೆಂಗಸರು ಇದನ್ನೇ ‘ರಾತ್ರಿ ಹೊತ್ತು ಕಾಟ’ ಎನ್ನುತ್ತಾರೆ. ಹೀಗಾಗಿ ‘ನಿಮಗೆ ಮನಸ್ಸಿಲ್ಲದಾಗ, ಬೇಡವೆಂದರೂ ಕೇಳದೆ, ಹಿಡಿದುಕೊಂಡೋ ಹೊಡೆದೋ ನಿಮ್ಮ ಜೊತೆ ದೇಹಸಂಪರ್ಕ ಮಾಡಿದ್ದುಂಟೇ’ ಎಂದು ನಡೆದದ್ದನ್ನೇ ಹೇಳಿ ಕೇಳುವುದು ಒಳ್ಳೆಯದು. ಹೆದರಿಸಿ ಮಾಡಿದ್ದನ್ನು ಇನ್ನೊಂದು ಪ್ರಶ್ನೆಯಾಗಿ ಕೇಳಬೇಕು. ಕೇಳುವವರಿಗೆ ಮುಜುಗರವಾಗುತ್ತದೆ ಎಂಬ ಕಾರಣಕ್ಕೆ ಪ್ರಶ್ನೆಯನ್ನು ಮೆದುಗೊಳಿಸುವುದೇ ಈ ಕ್ಷೇತ್ರದಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು.

ಯಾರನ್ನು ಕೇಳಿದರು ಎಂಬುದು ಎರಡನೆಯದು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 2007ರ ವರದಿಯಲ್ಲಿರುವ, ಶೇ 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳಕ್ಕೆ ಒಳಗಾಗಿದ್ದರು ಎಂಬ ಅಂಕಿಯನ್ನು ಇಂದಿಗೂ ಎಲ್ಲೆಡೆ ಉಲ್ಲೇಖಿಸುತ್ತಾರೆ. ಅದು 13 ರಾಜ್ಯಗಳ 12,447 ಮಕ್ಕಳ ಮಾತು. ಆ 13ರಲ್ಲಿ ಕರ್ನಾಟಕ ಇರಲಿಲ್ಲ. ಬೀದಿಯಲ್ಲಿರುವ, ದುಡಿಯುವ ಹಾಗೂ ಪಾಲನಾ ಸಂಸ್ಥೆಗಳಲ್ಲಿರುವ ಮಕ್ಕಳನ್ನು ಅಲ್ಲಿ ಉದ್ದೇಶಪೂರ್ವಕವಾಗಿ ಸೇರಿಸಿಕೊಂಡಿದ್ದರಿಂದ ಅದನ್ನು ‘ದೇಶದ ಅರ್ಧಕ್ಕಿಂತ ಹೆಚ್ಚು ಮಕ್ಕಳು’ ಎಂದು ಬರೆಯುವುದು ಸರಿಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕೊಡುವ ಅಂಕಿಯಾದರೋ ಠಾಣೆಯಲ್ಲಿ ಎಫ್‌ಐಆರ್ ಆದ ಪ್ರಕರಣಗಳದ್ದು ಮಾತ್ರ. 2022ರಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 31,516. ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮು 18 ತುಂಬಿದ ಹೆಂಡತಿಯ ಮೇಲೆ ಗಂಡ ನಡೆಸುವ ಸಂಭೋಗವನ್ನು ಅತ್ಯಾಚಾರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಹಿಂದಿನ ದಂಡ ಸಂಹಿತೆಯಲ್ಲೂ ಈ ವಿನಾಯಿತಿ ಇತ್ತು. ಹೀಗಾಗಿ ಮನೆಯೊಳಗಿನ ದೌರ್ಜನ್ಯದ ಬಹುಪಾಲು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಈ ಒಳಭಾಗವನ್ನು ಮುಟ್ಟುತ್ತದೆ. ಅದು ಒಂದು ಮನೆಯಿಂದ ಒಬ್ಬಳನ್ನೇ ಆರಿಸಿ, ಏಕಾಂತ ದೊರೆತರೆ ಮಾತ್ರ ಹಿಂಸೆಯ ಪ್ರಶ್ನೆಗಳನ್ನು ಕೇಳುತ್ತದೆ. ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದ 18ರಿಂದ 49 ವಯಸ್ಸಿನ ವಿವಾಹಿತೆಯರ ಪ್ರಮಾಣ ಕರ್ನಾಟಕದಲ್ಲಿ ನಾಲ್ಕನೆಯ ಸುತ್ತಿನಲ್ಲಿ ಶೇ 20.6 ಇದ್ದದ್ದು ಐದನೆಯ ಸುತ್ತಿನಲ್ಲಿ ಶೇ 44.4ಕ್ಕೆ ಏರಿತು. ಲಾಕ್‌ಡೌನ್‌ನಿಂದ ಹೀಗಾಯಿತು ಎಂಬ ವಿವರಣೆ ಸುಲಭವಾಗಿ ನಾಲಿಗೆಗೆ ಬರುತ್ತದೆ. ಆದರೆ ವರದಿಯ ಆರಂಭದ ಪುಟದಲ್ಲಿರುವ ದಿನಾಂಕವನ್ನು ನೋಡಿದರೆ ಸಾಕು, ಕರ್ನಾಟಕದ ಕ್ಷೇತ್ರಕಾರ್ಯ 2019ರಲ್ಲೇ, ಅಂದರೆ ಕೋವಿಡ್ ಕಾಲಿಡುವ ಮೊದಲೇ ಮುಗಿದಿತ್ತು. ಹಿಂಸೆ ನಿಜವಾಗಿಯೂ ಹೆಚ್ಚಿರಬಹುದು, ಹೇಳಿಕೊಳ್ಳುವವರು ಹೆಚ್ಚಿರಬಹುದು, ಕೇಳಿದವರ ತರಬೇತಿ ಬೇರೆಯಾಗಿರಬಹುದು. ಎರಡು ಅಂಕಿಗಳಿಂದಷ್ಟೇ ಇವುಗಳಲ್ಲಿ ಒಂದನ್ನು ಆರಿಸಲಾಗದು. ಪ್ರಬಂಧದಲ್ಲಿ ‘ಹಿಂಸೆ ಇಮ್ಮಡಿಯಾಯಿತು’ ಎಂಬಲ್ಲಿ ‘ಹಿಂಸೆ ಅನುಭವಿಸಿದ್ದಾಗಿ ಹೇಳಿದವರ ಪ್ರಮಾಣ ಇಮ್ಮಡಿಯಾಯಿತು’ ಎಂದು ಬರೆಯಿರಿ.

ಅಪಾಯದ ಅಂಶಗಳ ಅಧ್ಯಾಯವನ್ನು ಓದುವಾಗ ಪೆನ್ಸಿಲ್ ಕೈಯಲ್ಲಿರಲಿ. ವಯಸ್ಸು, ಓದು, ಬಾಲ್ಯದಲ್ಲಿ ಆದ ಕಿರುಕುಳ, ಮದ್ಯಸೇವನೆ ಎಂದು ಸಾಗುವ ಪಟ್ಟಿಯಲ್ಲಿ ಪ್ರತಿಯೊಂದರ ಪಕ್ಕದಲ್ಲೂ ಅದು ಯಾರ ಗುಣ ಎಂದು ಗುರುತು ಹಾಕಿ. ಬಹುಪಾಲು ಗುರುತುಗಳು ದೌರ್ಜನ್ಯಕ್ಕೆ ಒಳಗಾದವರ ಹೆಸರಿಗೇ ಬೀಳುತ್ತವೆ, ಏಕೆಂದರೆ ಪ್ರಶ್ನೆ ಕೇಳಿದ್ದು ಅವರನ್ನೇ. ಎಸಗಿದವನು ಮಾದರಿಯಲ್ಲಿ ಇರುವುದೇ ಇಲ್ಲ. ಅವನ ಬಗ್ಗೆ ಒಂದೆರಡು ಪ್ರಶ್ನೆ ಸೇರಿದೊಡನೆ ಚಿತ್ರ ಬದಲಾಗುತ್ತದೆ: ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಅಖಿಲ ಭಾರತ ವರದಿಯಲ್ಲಿ, ಗಂಡ ಆಗಾಗ ಕುಡಿದು ಅಮಲೇರಿಸಿಕೊಳ್ಳುತ್ತಾನೆ ಎಂದ ಹೆಂಗಸರಲ್ಲಿ ಶೇ 70 ಮಂದಿ ಹಿಂಸೆಯನ್ನು ಹೇಳಿಕೊಂಡರೆ, ಗಂಡ ಕುಡಿಯುವುದಿಲ್ಲ ಎಂದವರಲ್ಲಿ ಅದು ಶೇ 23. ಕುಡಿತವೇ ಕಾರಣ ಎಂದು ಇದರಿಂದ ಸಾಬೀತಾಗದು. ಕುಡಿಯದವರ ಮನೆಯ ಆ 23 ಅಲ್ಲೇ ಇದೆ. ‘ಅಪಾಯದ ಅಂಶ’ ಎಂಬುದು ಸಂಖ್ಯಾಶಾಸ್ತ್ರದ ನಂಟು ಮಾತ್ರ, ತಪ್ಪಿನ ಪಾಲು ಹಂಚುವ ಪಟ್ಟಿಯಲ್ಲ. ಬಾಲ್ಯದಲ್ಲಿ ಕಿರುಕುಳ ಅನುಭವಿಸಿದವರು ದೊಡ್ಡವರಾದ ಮೇಲೆ ಮತ್ತೆ ಗುರಿಯಾಗುವ ಸಂಭವ ಹೆಚ್ಚು ಎಂಬುದನ್ನು ಹಲವು ಅಧ್ಯಯನಗಳು ಕಂಡಿವೆ. ಅದನ್ನು ಅವರ ನಡತೆಯ ಮಾತಾಗಿಸುವ ಬದಲು, ಅದೇ ಮನೆ, ಅದೇ ಬಡತನ, ನೆರವಿಗೆ ಯಾರೂ ಇಲ್ಲದವರನ್ನೇ ಹುಡುಕುವ ಅದೇ ಬಗೆಯ ಗಂಡಸರು ಅವರ ಸುತ್ತ ಉಳಿದಿದ್ದರೇ ಎಂದು ಕೇಳಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ದೃಷ್ಟಿಯಿಂದ ಓದಿ ಅಭ್ಯಾಸ ಮಾಡಬಹುದು. ತೀವ್ರ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆಗೆ ದಾಖಲಾದ 146 ಮಹಿಳೆಯರನ್ನು ಅವರು ಕೇಳಿದಾಗ 50 ಮಂದಿ ಲೈಂಗಿಕ ಬಲಾತ್ಕಾರದ ಅನುಭವವನ್ನು ಹೇಳಿದರು. ಎಸಗಿದವರಲ್ಲಿ ಗಂಡ ಅಥವಾ ಸಂಗಾತಿಯೇ ಮುಂದಿದ್ದನು. ಆ 50ರಲ್ಲಿ 30 ಮಂದಿ ಅಲ್ಲಿಯವರೆಗೆ ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ. ಕಾಯಿಲೆಯಿಂದಾಗಿ ಅವರು ಸುಲಭದ ಗುರಿಯಾದರೇ, ಅಥವಾ ದೌರ್ಜನ್ಯವೇ ಕಾಯಿಲೆಯನ್ನು ಹೆಚ್ಚಿಸಿತೇ ಎಂಬುದನ್ನು ಒಮ್ಮೆ ಮಾತ್ರ ಕೇಳುವ ಅಧ್ಯಯನ ಹೇಳಲಾರದು. ಕೇಳಿದರೆ ಹೇಳುತ್ತಾರೆ ಎಂಬುದನ್ನಂತೂ ಅದು ತೋರಿಸಿದೆ.

ಮಾನಸಿಕ ಪರಿಣಾಮಗಳ ಸಾಹಿತ್ಯದಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಅಳತೆ ಮಾಡಿದ ಸಮಯ. ಬರ್ಜೆಸ್ ಮತ್ತು ಹೋಮ್‌ಸ್ಟ್ರಾಮ್ 1974ರಲ್ಲಿ ಬಾಸ್ಟನ್ ಆಸ್ಪತ್ರೆಯೊಂದಕ್ಕೆ ಬಂದ ಮಹಿಳೆಯರನ್ನು ಕಂಡು ಅತ್ಯಾಚಾರದ ಆಘಾತದ ಲಕ್ಷಣಗಳನ್ನು ವಿವರಿಸಿದರು. ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಮಾನಸಿಕ ಒತ್ತಡದ ಕಾಯಿಲೆ ಎಂಬ ರೋಗನಿರ್ಣಯ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ರೋತ್‌ಬಾಮ್ ಮತ್ತು ಸಂಗಡಿಗರ 1992ರ ಅಧ್ಯಯನದಲ್ಲಿ ಘಟನೆಯಾದ ಎರಡು ವಾರಗಳೊಳಗೆ ಶೇ 94 ಮಹಿಳೆಯರಲ್ಲಿ ಆ ಲಕ್ಷಣಗಳಿದ್ದವು, ಸುಮಾರು ಮೂರು ತಿಂಗಳ ಹೊತ್ತಿಗೆ ಅದು ಶೇ 47ಕ್ಕೆ ಇಳಿದಿತ್ತು. ಒಂದನ್ನು ಮಾತ್ರ ಉಲ್ಲೇಖಿಸಿದರೆ, ಯಾರೂ ಚೇತರಿಸಿಕೊಳ್ಳುವುದಿಲ್ಲ ಎಂದೋ ಕಾಲವೇ ಎಲ್ಲವನ್ನೂ ವಾಸಿ ಮಾಡುತ್ತದೆ ಎಂದೋ ಬರೆಯಬಹುದು, ಎರಡೂ ಸುಳ್ಳಾಗುತ್ತವೆ. ಮನೆಯವರಿಗೆ ಹೇಳಿಕೊಂಡಾಗ ‘ನೀನ್ಯಾಕೆ ಅಲ್ಲಿಗೆ ಹೋದೆ’ ಎಂಬ ಮಾತು ಕೇಳಿಸಿಕೊಂಡವರಲ್ಲಿ ಲಕ್ಷಣಗಳು ಹೆಚ್ಚು ತೀವ್ರವಾಗಿರುತ್ತವೆ ಎಂಬುದು ಸಾರಾ ಉಲ್‌ಮನ್ ಮುಂತಾದವರ ಕೆಲಸದಿಂದ ತಿಳಿದಿದೆ. ನಮ್ಮ ಕಡೆ ಸಂಕಟವು ದುಃಸ್ವಪ್ನ, ಖಿನ್ನತೆಗಳ ಜೊತೆಗೆ ಸುಸ್ತು, ತಲೆಭಾರ, ಸೊಂಟನೋವಾಗಿಯೂ ಮಾತಾಡುತ್ತದೆ. ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಬಿಳಿಸೆರಗಿನ ದೂರಿಗೂ ಮಾನಸಿಕ ಸಂಕಟಕ್ಕೂ ಇರುವ ನಂಟನ್ನು ತೋರಿಸಿದ್ದಾರೆ. ಹೊರದೇಶದ ಲಕ್ಷಣಪಟ್ಟಿಯನ್ನು ಮಾತ್ರ ಬಳಸಿದ ಅಧ್ಯಯನ ಇದನ್ನು ಕಾಣದೆ ಹೋಗಬಹುದು.

ಸ್ವತಃ ಕ್ಷೇತ್ರಕ್ಕೆ ಹೋಗುವವರು ಸಂಸ್ಥೆಯ ನೈತಿಕತಾ ಸಮಿತಿಯ ಒಪ್ಪಿಗೆಯಿಲ್ಲದೆ ಒಂದು ಪ್ರಶ್ನೆಯನ್ನೂ ಕೇಳಬಾರದು. 18 ತುಂಬದ ಮಗುವಿನ ಮೇಲಿನ ಅಪರಾಧ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ. ಈ ಮಾತನ್ನು ಮೊದಲೇ ಹೇಳದೆ ‘ಎಲ್ಲವೂ ಗುಟ್ಟಾಗಿರುತ್ತದೆ’ ಎಂದು ಮಾತು ಕೊಡುವಂತಿಲ್ಲ. ವರದಿಯಲ್ಲಿ ಹೆಸರು ತೆಗೆದರೆ ಸಾಲದು. ಚಿಕ್ಕ ಊರಿನಲ್ಲಿ ಜಾತಿ, ಕಸುಬು, ಮಕ್ಕಳ ಸಂಖ್ಯೆ ಮೂರೂ ಒಟ್ಟಿಗಿದ್ದರೆ ಮನೆ ಗೊತ್ತಾಗುತ್ತದೆ.

ಊರಿನಲ್ಲಿ ಸಮೀಕ್ಷೆಯನ್ನು ಮಹಿಳೆಯರ ಆರೋಗ್ಯದ ಸಮೀಕ್ಷೆಯೆಂದೇ ಪರಿಚಯಿಸಿ. ನಿಜವಾದ ವಿಷಯವನ್ನು ಉತ್ತರಿಸುವವಳಿಗೆ ಏಕಾಂತದಲ್ಲಿ ವಿವರಿಸಿ ಒಪ್ಪಿಗೆ ಪಡೆಯಿರಿ. ಅತ್ತೆ ಒಳಗೆ ಬಂದರೆ ತಕ್ಷಣ ಹೊರಳಿಕೊಳ್ಳಲು ನೀರಿನ ಬಗ್ಗೆ, ಅಂಗನವಾಡಿಯ ಬಗ್ಗೆ ನಾಲ್ಕು ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡಿರಿ. ಸಮ್ಮತಿ ಪತ್ರದ ಪ್ರತಿಯನ್ನು ಅವಳ ಮನೆಯಲ್ಲಿ ಬಿಟ್ಟುಬರಬೇಡಿ, ಅದು ಗಂಡನ ಕೈಗೆ ಸಿಕ್ಕಬಹುದು. ಸಹಾಯವಾಣಿಯ ಸಂಖ್ಯೆಗಳನ್ನು ಮಾತ್ರ ಕೊಟ್ಟೇ ಬನ್ನಿ: ಆಂಬುಲೆನ್ಸ್‌ನ 108, ಮಕ್ಕಳ 1098, ಮಹಿಳೆಯರ 181, ಮಾನಸಿಕ ಆರೋಗ್ಯದ ಟೆಲಿ ಮಾನಸ್‌ನ 14416 ಎಲ್ಲವನ್ನೂ ಒಂದೇ ಚೀಟಿಯಲ್ಲಿ ಬರೆದುಕೊಟ್ಟರೆ, ಯಾರು ನೋಡಿದರೂ ಅದು ಆರೋಗ್ಯ ಇಲಾಖೆಯವರು ಕೊಟ್ಟ ಚೀಟಿಯಂತೆಯೇ ಕಾಣುತ್ತದೆ.