ತೊಟ್ಟಿಕ್ಕದ ಟೀ ಪಾಟ್ ಹುಡುಕಿದ್ದು

ಟೀ ಪಾಟ್ ಕೊಳ್ಳುವಾಗ ನಾನು ಮೊದಲು ನೋಡುವುದು ಮೂತಿಯ ತುದಿ. ಬಣ್ಣ, ಹೂವಿನ ಚಿತ್ರ, ಕಂಪನಿ ಎಲ್ಲ ಆಮೇಲೆ. ಟೀ ಬಗ್ಗಿಸಿ ಪಾಟನ್ನು ನೆಟ್ಟಗೆ ಮಾಡುವಾಗ ಮೂತಿಯ ಕೆಳಗಿಂದ ಒಂದು ಎಳೆ ಜಾರಿ, ಪಾಟಿನ ಹೊಟ್ಟೆ ಸವರಿಕೊಂಡು ಮೇಜಿನ ಬಟ್ಟೆಗೆ ಇಳಿಯುತ್ತದಲ್ಲ, ಅದು ತೀರ್ಮಾನವಾಗುವುದು ಆ ತುದಿಯಲ್ಲೇ.

ನಮ್ಮ ಕಡೆ ಮನೆಗಳಲ್ಲಿ ಟೀ ಪಾಟ್ ಕಡಿಮೆ. ಹಾಲು, ಸಕ್ಕರೆ, ಪುಡಿ ಎಲ್ಲ ಪಾತ್ರೆಯಲ್ಲೇ ಕುದಿಸಿ ಸೋಸಿದರೆ ಆಯಿತು. ಬಸವನಗುಡಿಯ ನಮ್ಮ ಮನೆಯಲ್ಲೂ ಹಾಗೇ ಇತ್ತು. ಬೆಳಗ್ಗೆಗಂತೂ ಫಿಲ್ಟರ್ ಕಾಫಿಯೇ. ಸಂಜೆ ಹಾಲಿಲ್ಲದ ನೀಲಗಿರಿ ಟೀ ರೂಢಿಯಾದ ಮೇಲೆ ಪಾಟ್ ಬೇಕಾಯಿತು. ಎಲೆ ನೆನೆಯಬೇಕು, ಬಂದವರಿಗೆ ಟೇಬಲ್ಲಿನಲ್ಲೇ ಬಗ್ಗಿಸಿ ಕೊಡಬೇಕು. ಮೊದಲು ಬಂದದ್ದು ಗಾಜಿನ ಪಾಟ್. ನೋಡಲು ಬಹಳ ಚೆಂದ, ಪ್ರತಿ ಕಪ್ಪಿಗೂ ಒಂದು ಕಲೆ. ಅತ್ತೆ ಏನೂ ಬೈಯಲಿಲ್ಲ. "ಕೆಳಗೊಂದು ತಟ್ಟೆ ಇಡಮ್ಮ" ಅಂದರು, ಅಷ್ಟೆ. ಟೀ ಪಾಟಿಗೆ ತಟ್ಟೆ ಇಟ್ಟುಕೊಂಡು ಬದುಕುವುದು ನನಗೆ ಒಪ್ಪಿಗೆಯಾಗಲಿಲ್ಲ.

ಓದುತ್ತಾ ಹೋದಾಗ ಗೊತ್ತಾಯಿತು, ದೊಡ್ಡ ದೊಡ್ಡವರೇ ಈ ವಿಷಯಕ್ಕೆ ತಲೆ ಕೆಡಿಸಿಕೊಂಡಿದ್ದಾರೆ. ಇದಕ್ಕೆ 'ಟೀ ಪಾಟ್ ಎಫೆಕ್ಟ್' ಎಂಬ ಹೆಸರೇ ಇದೆ. 1956ರಲ್ಲಿ ವಿಜ್ಞಾನಿ ಮಾರ್ಕಸ್ ರೈನರ್ ಇದರ ಬಗ್ಗೆ ಬರೆದರು. ಮರುವರ್ಷ ಗಣಿತಜ್ಞ ಜೋಸೆಫ್ ಕೆಲ್ಲರ್ ಒಂದು ಕಾರಣ ಕೊಟ್ಟರು. ತುದಿಯಲ್ಲಿ ತಿರುಗುವಾಗ ಟೀಯೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ಆಗ ಗಾಳಿಯೇ ಟೀಯನ್ನು ಮೂತಿಗೆ ಒತ್ತಿ ಹಿಡಿಯುತ್ತದೆ. ತೊಟ್ಟಿಕ್ಕದ ಮೂತಿಯ ಲೆಕ್ಕಾಚಾರಕ್ಕಾಗಿ ಇನ್ನೊಬ್ಬ ಗಣಿತಜ್ಞ ವಾಂಡೆನ್-ಬ್ರೂಕ್ ಅವರಿಗೆ 1999ರಲ್ಲಿ ಇಗ್ ನೊಬೆಲ್ ಸಿಕ್ಕಿತು, ಬಿಟ್ಟುಹೋಗಿದ್ದ ಕೆಲ್ಲರ್ ಹೆಸರನ್ನು 2012ರಲ್ಲಿ ಅದಕ್ಕೆ ಸೇರಿಸಿದರು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. 2021ರಲ್ಲಿ ವಿಯೆನ್ನಾದ ಸಂಶೋಧಕರು ಇನ್ನೂ ಪೂರ್ತಿಯಾದ ಲೆಕ್ಕ ಕೊಟ್ಟರು. ತುದಿಯ ಕೆಳಗೆ ಸಣ್ಣದೊಂದು ಹನಿ ಯಾವಾಗಲೂ ನಿಂತಿರುತ್ತದೆ. ಜೋರಾಗಿ ಸುರಿದರೆ ಅದು ಸಣ್ಣದಾಗೇ ಇರುತ್ತದೆ. ನಿಧಾನವಾದರೆ ಅದು ಬೆಳೆದು ಇಡೀ ಧಾರೆಯನ್ನೇ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಚಂದ್ರನ ಮೇಲೆ ಟೀ ಸುರಿದರೂ ತೊಟ್ಟಿಕ್ಕುತ್ತದಂತೆ. ಸುಮ್ನೆ ಹೇಳಿದೆ, ಬೆಂಗಳೂರಲ್ಲೇ ತಪ್ಪಲಿಲ್ಲ, ಅಲ್ಲಿ ಹೇಗೆ ತಪ್ಪೀತು!

ಇದರಿಂದ ನನಗೆ ಬೇಕಾದದ್ದು ಮೂರು ಮಾತು: ಅಂಚು ಚೂಪಾಗಿರಬೇಕು, ಧಾರೆ ಜೋರಾಗಿರಬೇಕು, ಮೂತಿಯ ಕೆಳಭಾಗಕ್ಕೆ ನೀರು ಅಂಟಬಾರದು. ಇಷ್ಟನ್ನು ತಲೆಯಲ್ಲಿ ಇಟ್ಟುಕೊಂಡು ಅಂಗಡಿ ಸುತ್ತಿದೆ.

ಗಾಂಧಿ ಬಜಾರಿನಲ್ಲಿ ಸಿಕ್ಕಿದ್ದೆಲ್ಲ ಪಿಂಗಾಣಿ. ಪಿಂಗಾಣಿಯಲ್ಲಿ ಒಂದು ತೊಂದರೆ ಇದೆ. ಮೇಲಿನ ಹೊಳಪು ಸುಡುವಾಗ ಕರಗಿ ತುದಿಯಲ್ಲಿ ದಪ್ಪವಾಗಿ ನಿಲ್ಲುತ್ತದೆ, ಅಂಚು ಉರುಟಾಗುತ್ತದೆ. ಉರುಟು ಅಂಚಿನಲ್ಲಿ ಟೀ ಆರಾಮಾಗಿ ತಿರುಗಿಕೊಂಡು ಕೆಳಗೆ ಬರುತ್ತದೆ. ಬೆರಳಿಟ್ಟು ಸವರಿದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಮೆಟ್ರೋ ಹತ್ತಿ ಚಿಕ್ಕಪೇಟೆಗೆ ಹೋದೆ. ಅಲ್ಲಿನ ಪಾತ್ರೆ ಅಂಗಡಿಗಳಲ್ಲಿ ಸ್ಟೀಲಿನ ಕೆಟಲ್‌ಗಳು ರಾಶಿ ರಾಶಿ. ಬ್ಯಾಗಿನಲ್ಲಿ ಒಂದು ಬಾಟಲಿ ನೀರು, ಒಂದು ಲೋಟ ಇಟ್ಟುಕೊಂಡೇ ಹೋಗಿದ್ದೆ.

"ನೀರು ಹಾಕಿ ನೋಡಲಾ?" ಅಂದೆ.

"ಸೋರಲ್ಲ ಮೇಡಂ, ಗ್ಯಾರಂಟಿ" ಅಂದ ಅಂಗಡಿ ಹುಡುಗ.

"ಸೋರೋದು ಬೇರೆ, ತೊಟ್ಟಿಕ್ಕೋದು ಬೇರೆ ಕಣಪ್ಪ."

ಒಳಗಿದ್ದ ಯಜಮಾನರು ನಕ್ಕು, ಕೆಳಗೆ ಹಳೇ ಪೇಪರ್ ಹಾಸಲು ಹೇಳಿದರು. ಕೇಳಿದರೆ ಬೇಡ ಅನ್ನುವವರು ಕಡಿಮೆ. ಅಂಗಡಿಯಲ್ಲಿ ಗಿರಾಕಿಗಳು ತುಂಬಿರುವ ಶನಿವಾರ ಸಂಜೆ ಮಾತ್ರ ಹೋಗಬೇಡಿ.

ನಾನು ಪರೀಕ್ಷೆ ಮಾಡುವುದು ಹೀಗೆ. ಪಾಟಿನಲ್ಲಿ ಮುಕ್ಕಾಲು ಭಾಗ ನೀರು ತುಂಬಿ ಮೊದಲು ಜೋರಾಗಿ ಬಗ್ಗಿಸುತ್ತೇನೆ. ಇದರಲ್ಲಿ ಬಹುಪಾಲು ಎಲ್ಲವೂ ಪಾಸ್. ಆಮೇಲೆ ನಿಧಾನವಾಗಿ, ದಾರದಂತೆ ಬಗ್ಗಿಸುತ್ತೇನೆ. ಕೊನೆಗೆ ಸುರಿಯುತ್ತಿರುವಾಗಲೇ ತಟ್ಟನೆ ನಿಲ್ಲಿಸಿ ಮೂತಿಯ ಕೆಳಗೆ ಒಣ ಬೆರಳು ಆಡಿಸುತ್ತೇನೆ. ಬೆರಳು ಒದ್ದೆಯಾದರೆ ಆ ಪಾಟ್ ಬೇಡ. ಒಂದೆರಡು ಸಲ ಹೀಗೇ ಮಾಡಿ ನೋಡಬೇಕು, ಯಾಕೆಂದರೆ ಒಣಗಿದ ಹೊಸ ಮೂತಿ ಮೊದಲ ಸಲ ಒಳ್ಳೆಯವನಂತೆ ನಟಿಸುತ್ತದೆ. ಒಮ್ಮೆ ಒದ್ದೆಯಾದ ಮೇಲೆ ನಿಜ ಬಣ್ಣ ಕಾಣುತ್ತದೆ.

ಮುಚ್ಚಳದಲ್ಲಿ ಸಣ್ಣ ತೂತು ಇದೆಯಾ ನೋಡಿ. ಇಲ್ಲದಿದ್ದರೆ ಗಾಳಿ ಒಳಗೆ ಹೋಗದೆ ಟೀ ಗಳಗಳ ಎಂದು ತಡೆತಡೆದು ಬರುತ್ತದೆ, ತಡೆದಾಗಲೆಲ್ಲ ಒಂದೊಂದು ಹನಿ ಕೆಳಗೆ. ಮೂತಿಯ ತುದಿ ಪಾಟಿನ ಬಾಯಿಗಿಂತ ಕೆಳಗಿರಬಾರದು, ಇದ್ದರೆ ತುಂಬಿಸುವಾಗಲೇ ಚೆಲ್ಲುತ್ತದೆ. ಒಳಗಿನ ಜಾಲರಿಯ ತೂತುಗಳು ತೀರಾ ಸಣ್ಣದಾಗಿದ್ದರೂ ಕಷ್ಟ. ಎಲೆ ಉಬ್ಬಿ ಅಡ್ಡ ನಿಂತು ಧಾರೆ ಸೊರಗುತ್ತದೆ.

ಸ್ಟೀಲಿನಲ್ಲೂ ಎಲ್ಲ ಒಂದೇ ಅಲ್ಲ. ಅಂಚನ್ನು ಹೊರಗೆ ಸುರುಳಿ ಸುತ್ತಿದ ಮೂತಿ ಕೈಗೆ ನುಣುಪು, ಮೇಜಿಗೆ ಶತ್ರು. ನಾನು ತಂದದ್ದು ತೆಳು ತಗಡಿನದು. ತುದಿಯನ್ನು ಓರೆಯಾಗಿ ಕತ್ತರಿಸಿ, ಸ್ವಲ್ಪ ಕೆಳಗೆ ಬಾಗಿಸಿದ್ದಾರೆ. ಹಾಗೆ ಬಾಗಿದ್ದರೆ ಹಿಂದಕ್ಕೆ ಬರಬೇಕಾದ ಟೀ ಮೇಲಕ್ಕೆ ಹತ್ತಬೇಕಾಗುತ್ತದೆ, ಅದು ಹತ್ತುವುದಿಲ್ಲ. ಬೆಲೆಯಲ್ಲಿ ಅದು ಆ ಸಾಲಿನಲ್ಲಿದ್ದ ಅಗ್ಗದ ಪಾಟುಗಳಲ್ಲೊಂದು. ತುದಿ ಇನ್ನೂ ಸ್ವಲ್ಪ ಮೊಂಡಾಗಿತ್ತು. ಹಾರ್ಡ್‌ವೇರ್ ಅಂಗಡಿಯಿಂದ ನುಣುಪಾದ ಎಮರಿ ಪೇಪರ್ ತಂದು, ನೀರು ಹಾಕಿಕೊಂಡು ಕೆಳಗಿನ ಅಂಚನ್ನು ಮಾತ್ರ ಉಜ್ಜಿದೆ. ಉಜ್ಜಿದ ಮೇಲೆ ಸೋಪು ಹಾಕಿ ಚೆನ್ನಾಗಿ ತೊಳೆಯಲೇಬೇಕು. ಪಿಂಗಾಣಿಗೆ ಇದನ್ನು ಮಾಡಬೇಡಿ, ಹೊಳಪು ಹೋಗುತ್ತದೆ, ಚಕ್ಕೆ ಏಳುತ್ತದೆ.

ಮನೆಯಲ್ಲಿರುವ ಪಾಟ್ ಬಿಸಾಡಲು ಮನಸ್ಸಿಲ್ಲದವರಿಗೆ ಹಳೆಯ ಉಪಾಯ ಒಂದಿದೆ: ಮೂತಿಯ ಕೆಳಗೆ ಬೆಣ್ಣೆ ಸವರುವುದು. ಜಿಡ್ಡಿಗೆ ನೀರು ಅಂಟುವುದಿಲ್ಲ. ನಾನು ಗಾಜಿನ ಪಾಟಿಗೆ ತುಪ್ಪ ಸವರಿ ನೋಡಿದೆ. ನಿಜಕ್ಕೂ ಕೆಲಸ ಮಾಡಿತು, ಆದರೆ ಬಿಸಿ ಟೀಗೆ ತುಪ್ಪ ಎಷ್ಟು ಹೊತ್ತು ನಿಂತೀತು? ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ, ಟೀ ಎಲ್ಲ ಅದೇ ವಾಸನೆ.

ಬೆಂಗಳೂರಿನವರಿಗೆ ಇನ್ನೊಂದು ಮಾತು. ಬೋರ್‌ವೆಲ್ ನೀರು ಬರುವ ಮನೆಯಾದರೆ ಮೂತಿಯ ತುದಿಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಆ ಒರಟು ಪದರಕ್ಕೆ ನೀರು ಚೆನ್ನಾಗಿ ಅಂಟುತ್ತದೆ. ಒಳ್ಳೆಯ ಪಾಟ್ ಇದ್ದಕ್ಕಿದ್ದಂತೆ ತೊಟ್ಟಿಕ್ಕಲು ಶುರು ಮಾಡಿದರೆ ಮೊದಲು ಇದನ್ನೇ ನೋಡಿ. ಹಿಂಡಿದ ನಿಂಬೆಹಣ್ಣಿನ ಹೋಳಿನಿಂದ ಉಜ್ಜಿ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಸಾಕು.

ಇನ್ನು ಕೈ. ದರ್ಶಿನಿಯಲ್ಲಿ ಕಾಫಿ ಬೆರೆಸುವವರನ್ನು ನೋಡಿ, ಅವರು ಅಂಜುತ್ತಾ ಬಗ್ಗಿಸುವುದೇ ಇಲ್ಲ. ಒಂದೇ ಸಲ ಬಗ್ಗಿಸಿ, ಒಂದೇ ಸಲ ಎತ್ತುತ್ತಾರೆ. ಪಾಟಿಗೂ ಅದೇ. ಚೆಲ್ಲೀತೆಂದು ಹುಷಾರಾಗಿ ಬಗ್ಗಿಸಿದಷ್ಟೂ ಜಾಸ್ತಿ ಚೆಲ್ಲುತ್ತದೆ. ಪಾಟ್ ಖಾಲಿಯಾಗುತ್ತಾ ಬಂದಾಗ ಮಾತ್ರ ಎಂಥ ಮೂತಿಯಾದರೂ ಧಾರೆ ಸಣ್ಣದಾಗುತ್ತದೆ, ಹನಿ ಹಿಂದಕ್ಕೆ ಬರುತ್ತದೆ. ಆ ಕೊನೆಯ ಅರ್ಧ ಕಪ್ಪನ್ನು ನಾನು ಅಡುಗೆಮನೆಯ ಸಿಂಕ್ ಹತ್ತಿರ ನಿಂತು ನನ್ನ ಕಪ್ಪಿಗೇ ಬಗ್ಗಿಸಿಕೊಳ್ಳುತ್ತೇನೆ.